ಹನ್ನೆರಡನೆಯ ವಿದ್ಯಾರ್ಥಿ

ಆ ತರಬೇತಿ ಕೇಂದ್ರದಲ್ಲಿ ಎಲ್ಲರೂ ಅವಳನ್ನು ಕರೆಯುತ್ತಿದ್ದುದು ಡೇಟಾ ಅಕ್ಕ ಎಂದು. ಹಗಲಿಡೀ ಅಲ್ಲಿ ವೈರಿಂಗ್, ಪ್ಲಂಬಿಂಗ್ ಕಲಿಯುವ ಅಪ್ರೆಂಟಿಸ್‌ಗಳ ಗದ್ದಲ. ಸಂಜೆಯಾದರೆ ಓದುಬರಹ ಕಲಿಯಲು ಬರುವ ದೊಡ್ಡವರ ತರಗತಿ. ಯಾರು ಸೇರಿದರು, ಯಾರು ಬಂದರು, ಯಾರು ಅರ್ಧಕ್ಕೇ ಕೈಬಿಟ್ಟರು ಎಂಬುದನ್ನೆಲ್ಲ ಕಂಪ್ಯೂಟರಿಗೆ ತುಂಬಿ ಪ್ರತಿ ತಿಂಗಳೂ ಇಲಾಖೆಗೆ ಕಳಿಸುವುದು ಅವಳ ಕೆಲಸ. ಅದನ್ನು ನೋಡಿಯೇ ಅನುದಾನ ಬರುವುದು. ಟೀಚರಮ್ಮ ಎಷ್ಟೇ ಗಂಟಲು ಹರಿದುಕೊಂಡು ಪಾಠ ಮಾಡಲಿ, ಡೇಟಾ ಅಕ್ಕನ ಪರದೆಯ ಮೇಲೆ ಕಾಣಿಸದ ವಿದ್ಯಾರ್ಥಿ ಇಲಾಖೆಯ ಪಾಲಿಗೆ ಹುಟ್ಟಿಯೇ ಇಲ್ಲ. ಹಾಗಿತ್ತು ವ್ಯವಸ್ಥೆ.

ವರ್ಷಕ್ಕೊಂದು ಎಣಿಕೆಯ ದಿನ ಬರುತ್ತದೆ. ಅಂದು ತರಗತಿಯಲ್ಲಿ ಹನ್ನೆರಡು ಜನರಾದರೂ ಇರಬೇಕು, ಇಲ್ಲದಿದ್ದರೆ ತರಗತಿ ಮುಚ್ಚಿತೆಂದೇ ಲೆಕ್ಕ. ಆ ವರ್ಷ ಸಂಜೆ ತರಗತಿಗೆ ಒಬ್ಬರು ಕಡಿಮೆ. ಕೇಂದ್ರದ ಮುಖ್ಯಸ್ಥರು ಬಂದು ಅವಳ ಮೇಜಿನ ಮುಂದೆ ನಿಂತರು. ಬಾಯಿ ಬಿಟ್ಟರೆ ಗಡುವು, ಗಡುವು ಎನ್ನುತ್ತಿದ್ದುದರಿಂದ ಬೆನ್ನ ಹಿಂದೆ ಅವರಿಗೆ ಗಡುವಯ್ಯ ಎಂದೇ ಹೆಸರು.

“ಎಲ್ಲಿಂದಾದ್ರೂ ಒಬ್ರನ್ನ ಹಿಡ್ಕೊಂಡು ಬಾರಮ್ಮ. ಎಣಿಕೆ ಮುಗಿದ್ಮೇಲೆ ಬಿಟ್ಟುಹೋದ್ರೂ ಚಿಂತೆಯಿಲ್ಲ.”

ಅವಳಿಗೆ ಥಟ್ಟನೆ ನೆನಪಾದವನು ಗಂಡ.

ಅವನದು ಸೋಫಾಗಳಿಗೆ ಹೊಸ ಬಟ್ಟೆ ಹೊದಿಸುವ ಕೆಲಸ. ಇಬ್ಬರು ನಿಂತರೆ ಮೂರನೆಯವರಿಗೆ ಜಾಗವಿಲ್ಲದ ಅಂಗಡಿ. ಕೈಯಲ್ಲಿ ಒಳ್ಳೆಯ ಕಸುಬಿತ್ತು, ಆದರೆ ಅಕ್ಷರವೆಂದರೆ ಮಾರುದೂರ. ಚಿಕ್ಕವನಿದ್ದಾಗ ಶಾಲೆಯ ಮೇಷ್ಟ್ರು ಇವನ ತಲೆಗೆ ಏನೂ ಹತ್ತುವುದಿಲ್ಲ ಎಂದು ಅಪ್ಪ ಅಮ್ಮನಿಗೆ ಹೇಳಿ ಮನೆಗೆ ಕಳಿಸಿದ್ದರು. ಮನೆಯವರೂ ಅದನ್ನೇ ನಂಬಿದರು, ಕೊನೆಗೆ ಅವನೂ ನಂಬಿದ. ಸಹಿಯೊಂದನ್ನು ಹೇಗೋ ಗೀಚುತ್ತಿದ್ದ. ಮಿಕ್ಕಿದ್ದೆಲ್ಲ ಹೆಂಡತಿ ಓದಿ ಹೇಳಬೇಕು.

ಅಂದು ಸಂಜೆ ಅವಳು ಎಂದಿಲ್ಲದ ಅಕ್ಕರೆಯಿಂದ ಪಕ್ಕದಲ್ಲಿ ಕೂತಳು. “ರೀ, ನಿಮಗೂ ಓದೋಕೆ ಬರ್ಬೇಕು ಅಂತ ನನಗೊಂದು ಆಸೆ. ನಮ್ಮ ಸಂಜೆ ಕ್ಲಾಸಿಗೆ ಸೇರ್ಕೊಳ್ಳಿ.”

“ಈ ವಯಸ್ಸಲ್ಲಾ? ನನ್ನ ತಲೇನಾ? ಸುಮ್ನಿರೇ.”

“ನಿಮ್ಮ ಕೈಲಿ ಆಗುತ್ತೆ. ನನಗೆ ನಂಬಿಕೆ ಇದೆ.”

ಅವನು ಅವಳ ಕಡೆಗೆ ತಿರುಗಿ ಕೂತ. “ನಿಜವಾಗ್ಲೂ ಆಗುತ್ತೆ ಅಂತೀಯಾ?”

“ಆಗ್ದೆ ಏನು!” ಎಂದಳು. ನಾಲ್ಕು ದಿನ ಹೋಗಿ ಐದನೆಯ ದಿನ ಓಡಿಬರುತ್ತಾನೆ, ಅಷ್ಟರಲ್ಲಿ ಎಣಿಕೆ ಮುಗಿದಿರುತ್ತದೆ ಎಂಬುದು ಅವಳ ಮನಸ್ಸಿನ ಲೆಕ್ಕ. ಅದರಲ್ಲಿ ತಪ್ಪೇನೂ ಅವಳಿಗೆ ಕಾಣಲಿಲ್ಲ.

ಎಣಿಕೆ ಮುಗಿಯಿತು, ತರಗತಿ ಉಳಿಯಿತು. ಗಂಡ ಮಾತ್ರ ಓಡಿಬರಲಿಲ್ಲ!

ಅಂಗಡಿಯ ಬಾಗಿಲೆಳೆದು, ಮೈಮೇಲಿನ ಹತ್ತಿಯ ಎಳೆಗಳನ್ನೆಲ್ಲ ಕೊಡವಿ, ಇಸ್ತ್ರಿ ಮಾಡಿದ ಅಂಗಿ ತೊಟ್ಟು ಮದುವೆಗೆ ಹೊರಟವನ ಹಾಗೆ ತರಗತಿಗೆ ಹೊರಡುತ್ತಿದ್ದ. ಮೊದಲು ಹಿಂದಿನ ಬೆಂಚು, ಆಮೇಲೆ ನಡುವಿನದು, ಕೊನೆಗೆ ಟೀಚರಮ್ಮನ ಮೂಗಿನ ಕೆಳಗೇ ಜಾಗ ಹಿಡಿದ. ಸ್ಕೂಟರಿನಲ್ಲಿ ಹೋಗುವಾಗ ಬೀದಿಯ ಬೋರ್ಡುಗಳನ್ನೆಲ್ಲ ಗಟ್ಟಿಯಾಗಿ ಓದುವ ಹುಚ್ಚು ಬೇರೆ ಹಿಡಿಯಿತು. “ಬೀ...ಗ ರಿಪೇರಿ! ಚಪ್...ಚಪ್ಪಲಿ ಅಂಗಡಿ!” ಉದ್ದನೆಯ ಪದ ಬಂದರೆ ಸ್ಕೂಟರೇ ನಿಧಾನವಾಗುತ್ತಿತ್ತು. ಹಿಂದೆ ಬರುವವರು ಹಾರ್ನ್ ಹೊಡೆದು ಬೈದುಕೊಂಡು ಹೋಗುತ್ತಿದ್ದರು.

“ಅಯ್ಯೋ, ರಸ್ತೆ ನೋಡ್ರೀ! ಇಬ್ರನ್ನೂ ಒಟ್ಟಿಗೇ ಸಾಗಹಾಕ್ತೀರಾ ಏನು?” ಎಂದು ಅವಳು ಬೆನ್ನಿಗೆ ಗುದ್ದುತ್ತಿದ್ದಳು. ನಗು ಮಾತ್ರ ತಡೆಯಲಾಗುತ್ತಿರಲಿಲ್ಲ. ಮದುವೆಯಾದ ಮೇಲೆ ಅವರಿಬ್ಬರೂ ಅಷ್ಟು ನಕ್ಕಿದ್ದು ಅದೇ ಮೊದಲಿರಬೇಕು.

ಒಂದು ದಿನ ಅವಳ ತಂಗಿ ಮನೆಗೆ ಬಂದಾಗ ಅವನು ಎದೆಯುಬ್ಬಿಸಿಕೊಂಡು ಹೇಳಿದ: “ನಮ್ಮಪ್ಪ ಅಮ್ಮ ನನ್ನನ್ನ ದಡ್ಡ ಅಂತ ಬಿಟ್ಟುಬಿಟ್ರು. ನಿಮ್ಮಕ್ಕ ಒಬ್ಳು ನೋಡು, ನನ್ನ ಕೈಲೂ ಆಗುತ್ತೆ ಅಂದ್ಲು. ಅವಳು ಹೇಳಿದ್ದಕ್ಕೇ ನಾನು ಹೋಗಿದ್ದು. ಬೇರೆ ಯಾರು ಹೇಳಿದ್ರೂ ಹೋಗ್ತಿರ್ಲಿಲ್ಲ.” ತಂಗಿ ಅಕ್ಕನನ್ನು ಮೆಚ್ಚುಗೆಯಿಂದ ನೋಡಿದಳು. ಅಕ್ಕ ಅರ್ಧ ಕುಡಿದ ಟೀ ಲೋಟ ಹಿಡಿದು ಅಡಿಗೆಮನೆಗೆ ಎದ್ದುಹೋದಳು. ಎಂದಾದರೂ ನಿಜ ಹೇಳಿಬಿಡಬೇಕು ಎಂದುಕೊಂಡಳು, ಆಮೇಲೆ ಯಾಕೆ ಹೇಳಬೇಕು, ಕಲಿಯುತ್ತಿದ್ದಾನಲ್ಲ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡಳು.

ಮೊದಲ ಹಂತದ ಪರೀಕ್ಷೆ ಹತ್ತಿರ ಬಂತು. ಪಾಸಾದವರಿಗೆ ಪ್ರಮಾಣಪತ್ರ. ಅದನ್ನು ಅಂಗಡಿಯ ಯಾವ ಗೋಡೆಗೆ ಹಾಕಬೇಕೆಂದು ಅವನು ಆಗಲೇ ನೋಡಿಟ್ಟುಕೊಂಡು, ಮೊಳೆಯನ್ನೂ ಹೊಡೆದಾಗಿತ್ತು.

ಅದೇ ತಿಂಗಳು ಅವಳು ಡೇಟಾ ಕಳಿಸಲು ಹೋದಾಗ ಪರದೆಯ ಮೇಲೆ ಕೆಂಪು ಸಾಲೊಂದು ಬಂತು. ಈ ವಿದ್ಯಾರ್ಥಿಯ ಮನೆಯ ವಿಳಾಸ, ಸಿಬ್ಬಂದಿಯ ವಿಳಾಸ ಒಂದೇ. ಎಲ್ಲೋ ಯಾವುದೋ ಕೇಂದ್ರದವರು ತಮ್ಮ ನೆಂಟರಿಷ್ಟರನ್ನೆಲ್ಲ ಸೇರಿಸಿ ಇಲಾಖೆಯ ಕಣ್ಣಿಗೆ ಮಣ್ಣೆರಚಿದ್ದರಂತೆ. ಅದಕ್ಕೇ ಸಿಬ್ಬಂದಿಯ ಮನೆಯವರು ಇನ್ನುಮುಂದೆ ಲೆಕ್ಕಕ್ಕಿಲ್ಲ ಎಂಬ ಹೊಸ ನಿಯಮ. ಅವಳು ಮುಖ್ಯಸ್ಥರ ಬಳಿಗೆ ಓಡಿದಳು.

“ತೆಗೆದುಹಾಕು,” ಎಂದರು ಗಡುವಯ್ಯ. “ಈಗ ಇನ್ನೂ ಮೂರು ಜನ ಸೇರಿದ್ದಾರಲ್ಲ, ಕ್ಲಾಸಿಗೇನೂ ತೊಂದ್ರೆ ಇಲ್ಲ.”

“ಸರ್, ಮುಂದಿನ ವಾರ ಪರೀಕ್ಷೆ. ಲೆಕ್ಕಕ್ಕೆ ಬೇಡ, ಸುಮ್ನೆ ಒಂದು ಮೂಲೇಲಿ ಕೂತು ಬರೀಲಿ.”

“ತಪಾಸಣೆಯವರು ಬಂದ್ರೆ ನನ್ನ ತಲೆ ಹೋಗುತ್ತೆ ಕಣಮ್ಮ. ಸಂಜೆಯೊಳಗೆ ಕಳಿಸ್ಬೇಕು. ಗಡುವು ನೆನಪಿದೆ ತಾನೆ?” ಕೆಟ್ಟವರೇನಲ್ಲ ಅವರು. ಆದರೆ ಅವರ ತಲೆಯ ಮೇಲೂ ಒಂದು ಕತ್ತಿ ತೂಗುತ್ತಿತ್ತು.

ತೆಗೆದುಹಾಕಲು ಕಾರಣ ಕೊಡಬೇಕಿತ್ತು. ಕಂಪ್ಯೂಟರು ಕೊಟ್ಟ ಕಾರಣಗಳಲ್ಲಿ ಹೊಂದುವುದು ಒಂದೇ: ತಪ್ಪಾಗಿ ಸೇರಿಸಲಾಗಿದೆ. ಅವಳು ಅದನ್ನೇ ಒತ್ತಿದಳು. ಅವನು ಕೂತ ಸಂಜೆಗಳೆಲ್ಲ ಒಂದೇ ಏಟಿಗೆ ಹೋದವು. ಕೆಂಪು ಸಾಲೂ ಹೋಯಿತು.

ಮನೆಗೆ ಬಂದು ಹೇಳಿದಾಗ ಅವನು ತೊಡಬೇಕೆಂದಿದ್ದ ಅಂಗಿ ಕೈಯಲ್ಲೇ ಇತ್ತು.

“ಟೀಚರಮ್ಮ ಏನಾದ್ರೂ ಅಂದ್ರಾ?”

“ಛೇ, ಅವರೇನಂತಾರೆ! ಇದು ಇಲಾಖೆ ನಿಯಮ ಕಣ್ರೀ.”

“ನಿನ್ನೆ ಎರಡು ಪದ ತಪ್ಪು ಓದಿದೆ. ಅದಕ್ಕೇ ಇರ್ಬೇಕು.”

“ಅದಕ್ಕಲ್ಲ ಅಂದ್ನಲ್ಲ!”

ಅವನು ನಕ್ಕ. ಸಮಾಧಾನ ಹೇಳಬಂದವರಿಗೆ ತಾನೇ ಸಮಾಧಾನ ಹೇಳುವವನ ನಗು ಅದು. “ಹೋಗ್ಲಿ ಬಿಡೇ. ಆವತ್ತೂ ಹೀಗೇ ಆಗಿತ್ತು. ಮೇಷ್ಟ್ರು ನನ್ನೆದುರಿಗೆ ಏನೂ ಅನ್ನಲಿಲ್ಲ, ಬೆಂಚು ಸಾಲದು ಅಂದ್ರು. ದೊಡ್ಡವನಾದ್ಮೇಲೆ ಗೊತ್ತಾಯ್ತು. ದಡ್ಡನ ಮುಂದೆ ದಡ್ಡ ಅಂತ ಯಾರು ಹೇಳ್ತಾರೆ? ನೀನೂ ಪಾಪ, ಎಷ್ಟು ಅಂತ ನನ್ನ ಪರ ನಿಲ್ತೀಯ.”

ಅದನ್ನು ಅವಳು ತಡೆದುಕೊಳ್ಳಲಾರದೆ ಹೋದಳು. ಈ ಮನುಷ್ಯ ತಾನು ಮತ್ತೆ ಸೋತೆನೆಂದುಕೊಂಡು ಮಲಗಬಾರದು, ಏನಾದರೂ ಹೇಳಬೇಕು, ಅವನು ನಂಬುವಂಥದ್ದನ್ನೇ ಹೇಳಬೇಕು. ನಂಬುವಂಥದ್ದು ಅವಳ ಹತ್ತಿರ ಇದ್ದದ್ದು ಒಂದೇ.

“ರೀ, ಕೇಳಿ ಇಲ್ಲಿ. ನಿಮ್ಮ ಓದಿಗೂ ಇದಕ್ಕೂ ಸಂಬಂಧವೇ ಇಲ್ಲ. ನಿಮ್ಮನ್ನ ಸೇರಿಸಿದ್ದೇ ಎಣಿಕೆಗೆ ಒಬ್ರು ಕಮ್ಮಿ ಇದ್ರು ಅಂತ. ನಾಲ್ಕು ದಿನ ಹೋಗಿ ಬಿಟ್ಬಿಡ್ತೀರಿ ಅಂದ್ಕೊಂಡಿದ್ದೆ. ಈಗ ಆ ಜಾಗಕ್ಕೆ ಜನ ಸಿಕ್ಕಿದ್ದಾರೆ, ಅಷ್ಟೇ. ನೀವೇನೂ ಸೋತಿಲ್ಲ.”

ಒಂದೇ ಉಸಿರಿಗೆ ಹೇಳಿ ಮುಗಿಸಿದಳು. ಎದೆಯ ಭಾರ ಇಳಿಯಿತೆಂದೇ ಅವಳಿಗೆ ಒಂದು ಗಳಿಗೆ ಅನ್ನಿಸಿತು. ಆಮೇಲೆ ಅವನ ಮುಖ ನೋಡಿದಳು.

“ಹಾಗಾದ್ರೆ ಆವತ್ತು ನೀನು... ನನ್ನ ಕೈಲಿ ಆಗುತ್ತೆ ಅಂದಿದ್ದು?”

ಹೌದು, ನಂಬಿಯೇ ಅಂದೆ ಎಂದು ಹೇಳಿಬಿಡಬಹುದಿತ್ತು. ಬಾಯಿಯೂ ತೆರೆಯಿತು. ಆದರೆ ಅವನು ಅವಳನ್ನು ನೋಡುತ್ತಿದ್ದ ರೀತಿಗೆ ಸುಳ್ಳು ಹೊರಗೆ ಬರಲಿಲ್ಲ.

ಅವನು ಕೂಗಾಡಲಿಲ್ಲ. ಕೂಗಾಡಿದ್ದರೆ ಅವಳೂ ಕೂಗಾಡಿ, ಅತ್ತು, ಕಾಲು ಹಿಡಿದು ಹೇಗೋ ಸರಿಮಾಡಿಕೊಳ್ಳುತ್ತಿದ್ದಳು. ಅಂಗಿಯನ್ನು ಮಡಿಕೆ ಕೆಡದ ಹಾಗೆ ಬೀರುವಿನಲ್ಲಿಟ್ಟ. “ಊಟಕ್ಕೆ ಹಾಕು,” ಎಂದ.

ಮನೆಯಲ್ಲೇ ತಾನು ಕಲಿಸುತ್ತೇನೆಂದು ಅವಳು ಎಷ್ಟು ಗೋಗರೆದರೂ ಅವನು “ನೋಡೋಣ” ಎಂದನೇ ಹೊರತು ಪುಸ್ತಕ ಮುಟ್ಟಲಿಲ್ಲ. ಟೀಚರಮ್ಮ ಒಂದು ದಿನ ಅಂಗಡಿಗೇ ಹೋಗಿ ಕರೆದರಂತೆ, ತಾನೇ ಬಿಡುವಿನಲ್ಲಿ ಹೇಳಿಕೊಡುವೆನೆಂದರಂತೆ. ಅವನು ಕುರ್ಚಿ ಹಾಕಿ ಕೂರಿಸಿ, ಟೀ ತರಿಸಿ, ಕೆಲಸ ಜಾಸ್ತಿ ಇದೆ ಮೇಡಂ ಎಂದು ಕೈಮುಗಿದನಂತೆ. ಹೆಂಡತಿಯೊಂದಿಗೆ ಮಾತು ಬಿಟ್ಟಿರಲಿಲ್ಲ. ಎಲ್ಲದರಲ್ಲೂ ಮೊದಲಿನ ಹಾಗೆಯೇ ಇದ್ದ, ಅದೇ ಅವಳ ಜೀವ ತಿನ್ನುತ್ತಿತ್ತು.

ಒಂದು ಭಾನುವಾರ ಅವನ ಫೋನಿಗೆ ಗಿರಾಕಿಯೊಬ್ಬರ ಸಂದೇಶ ಬಂತು. ಅವನು ಫೋನನ್ನು ಹತ್ತಿರ ಹಿಡಿದ. ಅವಳು ಬಾಗಿಲ ಬಳಿಯಿಂದ ನೋಡುತ್ತಿದ್ದಳು. ಅವನ ಕಣ್ಣು ಮೊದಲ ಪದದಿಂದ ಎರಡನೆಯದಕ್ಕೆ, ಅಲ್ಲಿಂದ ಮುಂದಕ್ಕೆ ಮೆಲ್ಲಗೆ ಸರಿಯಿತು. ತುಟಿಯೂ ಸಣ್ಣಗೆ ಅಲುಗಿತು. ಕೊನೆಗೆ ಅರ್ಥವಾದವನ ಹಾಗೆ ತಲೆಯಾಡಿಸಿದ.

ಅಷ್ಟರಲ್ಲಿ ಅವನು ತಲೆಯೆತ್ತಿ ಅವಳನ್ನು ಕಂಡ. ಫೋನನ್ನು ಅವಳತ್ತ ಚಾಚಿದ.

“ಏನೋ ಬರೆದಿದ್ದಾರೆ. ನೋಡಿ ಹೇಳೇ.”

ನಿಮಗೇ ಓದೋಕೆ ಬರುತ್ತಲ್ಲ ಎನ್ನಲು ಅವಳಿಗೆ ಯಾವ ಮುಖವಿತ್ತು? ಫೋನು ತೆಗೆದುಕೊಂಡು, ಸೋಫಾ ರೆಡಿಯಾಗಿದ್ದರೆ ನಾಳೆ ಬಂದು ತೆಗೆದುಕೊಂಡು ಹೋಗುತ್ತೇವೆ ಎಂದಿದ್ದುದನ್ನು ಮೊದಲಿನಿಂದ ಕೊನೆಯವರೆಗೆ ಗಟ್ಟಿಯಾಗಿ ಓದಿ ಹೇಳಿದಳು. ಅವನು ಗೊತ್ತಿಲ್ಲದವನ ಹಾಗೆ ಪೂರ್ತಿ ಕೇಳಿಸಿಕೊಂಡ.