ಸಾಹುಕಾರ ನಡೆದು ಹೊರಟ

ಆದೋನಿಯಲ್ಲಿ ಹತ್ತಿ ಸಾಹುಕಾರನೊಬ್ಬ ನಡೆದುಕೊಂಡು ಹೊರಟರೆ ಎರಡೇ ಅರ್ಥ: ಒಂದೋ ಬೈಕು ಕೆಟ್ಟಿದೆ, ಇಲ್ಲವೇ ಮನೆಯಲ್ಲಿ ಜಗಳವಾಗಿದೆ. ಮೂರನೆಯದೂ ಒಂದಿದೆ ಎಂದು ಊರಿಗೆ ತಿಳಿಸುವ ಕೆಲಸ ಸಿದ್ದಬಸಪ್ಪನ ಪಾಲಿಗೆ ಬಂತು.

ಐವತ್ತೆರಡನೆಯ ವಯಸ್ಸಿಗೇ ಅವನ ಶುಗರ್ ಏರಿತ್ತು. "ದಿನಾ ಬೆಳಿಗ್ಗೆ ಒಂದು ತಾಸು ಬಿರುಸಾಗಿ ನಡೀರಿ. ತಿಂಗಳಾದ ಮೇಲೂ ಇಳೀಲಿಲ್ಲ ಅಂದ್ರ ಇನ್ಸುಲಿನ್ ಸೂಜಿ," ಎಂದಿದ್ದರು ಡಾಕ್ಟರು. ಒಂದು ಹಿಡಿ ಹತ್ತಿ ಎಳೆದು ನೋಡಿ ಇಡೀ ಲಾರಿಯ ಮಾಲಿನ ಗುಣ ಹೇಳಬಲ್ಲ ಗಂಡಸು, ಸೂಜಿ ಎಂದರೆ ಮಾತ್ರ ಬೆವರುತ್ತಿದ್ದ. ಮರುದಿನವೇ ಹೊಸ ಬೂಟು ಹಾಕಿಕೊಂಡು ಹೊರಬಿದ್ದ.

ನೂರು ಹೆಜ್ಜೆ ಆಗಿರಲಿಲ್ಲ, ಪಕ್ಕದ ಅಂಗಡಿಯ ಬಾಲರಾಜ್ ಬೈಕು ನಿಲ್ಲಿಸಿದ.

"ಏನಣ್ಣಾ, ಗಾಡಿ ಕೆಟ್ಟೈತೇನು?"

"ಇಲ್ಲಪ್ಪ. ವಾಕಿಂಗ್."

"ಎಲ್ಲಿತನಕ?"

"ಎಲ್ಲಿಗೂ ಇಲ್ಲ. ಸುಮ್ನ ಹೋಗೋದು, ಬರೋದು."

ಬಾಲರಾಜ್ ಮರುಕದಿಂದ ನೋಡಿದ. "ಅತ್ತಿಗೆಮ್ಮ ಏನರ ಅಂದ್ರಾ? ಕುಂದ್ರಿ, ಕುಂದ್ರಿ."

ಕರೆದೊಯ್ದು ಇಳಿಸಿದ್ದು ಉಗ್ಗಾನಿ ಹೋಟೆಲಿಗೆ. ನೊಂದವನ ಹೊಟ್ಟೆ ಖಾಲಿ ಇರಬಾರದು ಎನ್ನುವುದು ಬಾಲರಾಜನ ಸಿದ್ಧಾಂತ. ಒಗ್ಗರಣೆ ಹಾಕಿದ ಮಂಡಕ್ಕಿ, ಮೇಲೆ ನಾಲ್ಕು ಮಿರ್ಚಿ ಬಜ್ಜಿ. ಬೇಡವೆಂದರೆ ಮನೆಯ ಜಗಳ ಖಾತ್ರಿಯಾಗುತ್ತಿತ್ತು. ಹಾಗಾಗಿ ತಿಂದ. ಬಜ್ಜಿ ಚೆನ್ನಾಗಿಯೂ ಇತ್ತು.

ಎರಡನೆಯ ದಿನ ಆಟೋದವನು ಬಿಡಲಿಲ್ಲ. ಮೂರನೆಯ ದಿನ ಆಸ್ಪರಿಯಿಂದ ಹತ್ತಿ ತಂದಿದ್ದ ರೈತ ಟ್ರ್ಯಾಕ್ಟರಿಗೆ ಹತ್ತಿಸಿಕೊಂಡ. ವಾರ ಕಳೆಯುವಷ್ಟರಲ್ಲಿ ಸಿದ್ದಬಸಪ್ಪ ಊರಿನ ಸಕಲ ವಾಹನಗಳನ್ನೂ ಏರಿಳಿದಿದ್ದ. ಬೂಟಿನ ತಳಕ್ಕೆ ಮಣ್ಣು ತಾಗಿರಲಿಲ್ಲ, ತೂಕ ಒಂದು ಕಿಲೋ ಹೆಚ್ಚಿತ್ತು.

ಎಂಟನೆಯ ದಿನ ಬೂಟು ಬಿಟ್ಟು, ಹಣೆತುಂಬ ವಿಭೂತಿ ಬಳಿದುಕೊಂಡು ಬರಿಗಾಲಲ್ಲಿ ಹೊರಟ.

"ಬರ್ರಣ್ಣಾ, ಹತ್ರಿ," ಎಂದ ಬಾಲರಾಜ್.

"ಹರಕಿ ಐತಪ್ಪ. ಗಾಡಿ ಹತ್ತಂಗಿಲ್ಲ. ಮನಿ ಮುಟ್ಟೋತನಕ ಬಾಯಾಗ ಏನೂ ಹಾಕ್ಕೊಳ್ಳಂಗಿಲ್ಲ."

ಬಾಲರಾಜ್ ಎಂಜಿನ್ ಆರಿಸಿ ಕೈಮುಗಿದ. "ಯಾತಕ್ಕಣ್ಣಾ ಹರಕಿ?"

"ಸೂಜಿ ತಪ್ಪಲಿ ಅಂತ."

ಮಧ್ಯಾಹ್ನದೊಳಗೆ ಸುದ್ದಿ ಊರೆಲ್ಲ ತಿರುಗಿತು. ಮರುದಿನದಿಂದ ಆಟೋದವರು ಹಾರ್ನ್ ಕೂಡ ಹೊಡೆಯದೆ ಪಕ್ಕಕ್ಕೆ ಸರಿದರು. ಆರೋಗ್ಯಕ್ಕೆ ಸಿಗದ ದಾರಿ ದೇವರಿಗೆ ಸಿಕ್ಕಿತ್ತು. ಮೂರು ವಾರ ಸಿದ್ದಬಸಪ್ಪ ಒಬ್ಬನೇ, ಬಿರುಸಾಗಿ ನಡೆದ.

ತಿಂಗಳಾಯಿತು. ರಿಪೋರ್ಟು ನೋಡಿ ಡಾಕ್ಟರು, "ಇಳದೈತಿ. ಸೂಜಿ ಬ್ಯಾಡ," ಎಂದರು. ಹಿಗ್ಗಿನಿಂದ ಮನೆಗೆ ಬಂದರೆ ಹೆಂಡತಿ ವೀರಬಸಮ್ಮ ತೆಂಗಿನಕಾಯಿ ಹಿಡಿದು ದೇವರ ಮುಂದೆ ನಿಂತಿದ್ದಳು. ರಿಪೋರ್ಟಿನ ಸುದ್ದಿ ಕೇಳಿ, "ಹರಕಿ ಫಲಿಸ್ತು," ಎಂದಳು. "ಅದಕ್ಕ ಬದಲಿ ಏನು ಬಿಡ್ತೀನಿ ಅಂದಿದ್ರಿ?"

ಹರಕೆಯೇ ಇರಲಿಲ್ಲ ಎನ್ನಲು ಬಾಯಿ ತೆರೆದ. ವಿಭೂತಿ ಹಣೆಯ ಮೇಲೇ ಇತ್ತು. "ಏನೂ ಅಂದಿಲ್ಲ," ಎಂದ.

"ನಂಗೊತ್ತಿತ್ತು. ಅದಕ್ಕ ನಿಮ್ಮ ಪರವಾಗಿ ನಾನೇ ಅಂದೀನಿ."

"ಏನಂತ?"

"ಬಜ್ಜಿ."

"ಎಷ್ಟು ದಿನ?"

"ದೇವರ ಕೂಡ ಚೌಕಾಸಿ ಮಾಡ್ತೀರೇನ್ರಿ?" ಎಂದು ವೀರಬಸಮ್ಮ ಕಾಯಿ ಒಡೆದಳು.

ಸಂಜೆ ಬಾಲರಾಜ್ ಸಂಭ್ರಮ ಹಂಚಿಕೊಳ್ಳಲು ಬಂದ. ಕೈಯಲ್ಲಿ ಎಣ್ಣೆ ಒಸರುವ ಬಿಸಿ ಪೊಟ್ಟಣ. ಸಿದ್ದಬಸಪ್ಪ ಮೂಗಿಗೆ ಟವೆಲ್ ಒತ್ತಿಕೊಂಡು, ಬರಿಗಾಲಲ್ಲೇ ಮತ್ತೊಂದು ಸುತ್ತು ನಡೆಯಲು ಹೊರಟ.