ಪುಸ್ತಕ ಒಯ್ದವರು

"ಥೂ, ಕಸ ಬಳಿಯೋ ಮುಂಡೇರು ಕಾನೂನು ಓದ್ತಾರಂತೆ! ತೆಗಿಯೇ ರಿಜಿಸ್ಟರು."

ಕಸದ ಗುತ್ತಿಗೆದಾರ ಅಂಜಿನಯ್ಯ ಓದುವ ಮೇಜಿನ ಮೇಲೇ ಕೂತಿದ್ದ. ಬಾಪೂಜಿ ನಗರದ ಆ ಪುಟ್ಟ ಗ್ರಂಥಾಲಯದಲ್ಲಿ ಪುಸ್ತಕ ಕೊಡುವುದು, ನೆಲ ಗುಡಿಸುವುದು ಎರಡೂ ಗುತ್ತಿಗೆ ನೌಕರಳಾದ ಶಶಿಕಲಾಳ ಕೆಲಸ. ಗ್ಲೌಸ್ ಕೊಡದೆ ಆಸ್ಪತ್ರೆ ಕಸ ಎತ್ತಿಸುತ್ತಾನೆಂದು ಯಾರೋ ಅಂಜಿನಯ್ಯನ ಮೇಲೆ ಹೆಸರು ಹಾಕದೆ ದೂರು ಬರೆದಿದ್ದರು. ಕಾನೂನಿನ ಕಲಮುಗಳ ಸಮೇತ. ಅವು ಇಲ್ಲಿನ ಪುಸ್ತಕದಿಂದಲೇ ಹೋಗಿವೆಯೆಂದು ಅವನ ಗುಮಾನಿ.

"ಓದೋರ ಹೆಸ್ರು ಹೊರಗೆ ಕೊಡಲ್ಲ ಸಾರ್."

"ನಿಮ್ಮವ್ವ ಪೊರಕೆ ಹಿಡ್ದಿದ್ದೂ ನನ್ ಕೈಕೆಳಗೇನೇ. ಮರೆತ್ಯಾ?"

ಅವನು ಗ್ರಂಥಾಲಯದ ಅಧಿಕಾರಿಗೆ ಫೋನ್ ಮಾಡಿ ಸ್ಪೀಕರ್ ಹಾಕಿದ.

"ತೋರ್ಸಮ್ಮ, ನಿಂಗ್ಯಾಕೆ ಊರ ಉಸಾಬರಿ?"

"ಹಂಗಂತ ಆರ್ಡರ್ ಬರೆದು ಕಳ್ಸಿ ಸಾರ್."

"ಓಹೋ! ನಾಳೆ ನಾನೇ ಬರ್ತೀನಿ, ಇರು."

ಸಂಜೆ ಮುನಿಲಕ್ಷ್ಮಮ್ಮ ಬಂದಳು. ಅಂಜಿನಯ್ಯನ ಕೈಕೆಳಗೆ ಬೀದಿ ಗುಡಿಸುವವಳು, ಶಶಿಕಲಾಳ ಕೇರಿಯವಳೇ. ಹೊಸಿಲು ದಾಟಲಿಲ್ಲ.

"ಅವ್ನು ಒಂದ್ ಗಂಟೆ ಕೂತಿದ್ನಂತೆ. ಟೀ ತರ್ಸಿ ಕುಡುದ್ನಂತೆ. ನಮ್ ಹೆಸ್ರು ಹೇಳ್ಬಿಟ್ಯೇನೇ?"

"ಇಲ್ಲ ಕಣಕ್ಕ."

"ಮತ್ತೆ ಅಷ್ಟೊತ್ತು ಅವ್ನಿಗೇನ್ ಕೆಲ್ಸ ಇಲ್ಲಿ?"

ಉತ್ತರಕ್ಕೆ ಕಾಯದೆ ಹೊರಟುಹೋದಳು.

ಶಶಿಕಲಾ ಬಾಗಿಲು ಒಳಗಿನಿಂದ ಹಾಕಿಕೊಂಡಳು. ಕಾನೂನು ಪುಸ್ತಕ ಒಯ್ದವರ ಪುಟದಲ್ಲಿ ಮುನಿಲಕ್ಷ್ಮಮ್ಮನದೂ ಸೇರಿ ಐದು ಹೆಸರು. ಎರಡು ಸೊಟ್ಟ ಸಹಿ, ಮೂರು ಹೆಬ್ಬೆಟ್ಟು. ಓದಲು ಬಾರದವರು ಮಕ್ಕಳಿಂದ ಓದಿಸಿಕೊಂಡಿದ್ದರು. ಹಾಳೆ ಹರಿದು ಬಕೆಟ್ಟಿನ ನೀರಿಗೆ ಹಾಕಿ, ಹಿಟ್ಟಾಗುವವರೆಗೂ ಕಿವುಚಿದಳು.

ಮರುದಿನ ಅಂಜಿನಯ್ಯನ ಜೊತೆ ಬಂದ ಅಧಿಕಾರಿ ರಿಜಿಸ್ಟರನ್ನು ಎರಡು ಸಲ ತಿರುವಿದ.

"ಹಾಳೆ ಎಲ್ಲಮ್ಮ?"

"ಹರಿದ್ಹಾಕ್ದೆ. ನಾನೇ."

"ಸರ್ಕಾರಿ ದಾಖಲೆ ಕಣೇ! ಪೊಲೀಸ್ ಕಂಪ್ಲೇಂಟ್ ಆಗುತ್ತೆ."

"ಆಗ್ಲಿ ಸಾರ್. ನನ್ ಹೆಸ್ರು ಬರ್ಕೊಳ್ಳಿ. ಅದೊಂದೇ ನಿಮಗೆ ಸಿಗೋದು."

ಅಧಿಕಾರಿ ಬೀಗದ ಕೈ ಕಿತ್ತುಕೊಂಡ. ಅವಳು ಹೊರಬಿದ್ದಾಗ ಅಂಜಿನಯ್ಯ ಬೆನ್ನಿಗೇ ಬಂದ.

"ನಡಿ ನಡಿ. ಪುಸ್ತಕ ಒಯ್ದ ಯಾವಳ ಹತ್ರ ಹೋಗಿ ಅಳ್ತೀಯಾ ನಾನೂ ನೋಡ್ತೀನಿ."

ಬೀದಿಯ ತುದಿಯಲ್ಲಿ ತಳ್ಳುಗಾಡಿಯ ಪಕ್ಕ ಆ ಐವರೂ ನಿಂತಿದ್ದರು. ಅವಳೂ ಅವನೂ ಒಟ್ಟಿಗೆ ಬರುವುದನ್ನು ನೋಡಿದರು. ಶಶಿಕಲಾ ಯಾರ ಮುಖವನ್ನೂ ನೋಡದೆ, ಗುರುತೇ ಇಲ್ಲದವಳಂತೆ ದಾಟಿದಳು. ಮುನಿಲಕ್ಷ್ಮಮ್ಮ ಕ್ಯಾಕರಿಸಿ ಉಗಿದಳು. ಉಗುಳು ಶಶಿಕಲಾಳ ಸೀರೆಯಂಚಿಗೆ ಬಿತ್ತು.

ಅಂಜಿನಯ್ಯ ಕಿಸಕ್ಕನೆ ನಕ್ಕ. "ನಿಮ್ ಜನಾನೇ ನಿಂಗೆ ಉಗೀತಾರಲ್ಲೇ!"

ಅವರನ್ನು ಬಿಟ್ಟು ಅವಳ ಹಿಂದೆಯೇ ನಡೆದ. ಅವಳು ಕೇರಿಯ ದಾರಿ ಹಿಡಿಯಲಿಲ್ಲ. ಸೀರೆ ಒರೆಸಿಕೊಳ್ಳದೆ, ಹೆಜ್ಜೆ ನಿಲ್ಲಿಸದೆ, ಅವನನ್ನು ಆ ಐವರಿಂದ ದೂರ ಎಳೆದುಕೊಂಡು ಹೋಗುವವಳಂತೆ ನಾಯಂಡಹಳ್ಳಿ ಕಡೆಗೆ ತಿರುಗಿದಳು.