ಬೊಗಸೆಯೊಡ್ಡಿದ ಬಕಾಸುರ

“ಲೇ ಸೂಳೆಮಗ್ನೆ, ಬಂಡಿ ಅನ್ನ ಉಣ್ಣೋನ್ ಅಂಗೆ ಉಣ್ಲಾ! ತಿಥಿ ಊಟಕ್ ಕುಂತೋನ್ ಅಂಗ್ ಆಡ್ತಾನೆ!”

ಯಜಮಾನ ತಿಮ್ಮರಾಜು ಗದರಿದ ಮೇಲೆ ಚಿಕ್ಕಮಾದಯ್ಯ ಖಾಲಿ ಕೊಪ್ಪರಿಗೆಗೆ ಮತ್ತೆ ಕೈಹಾಕಿದ. ಗಾಳಿಯನ್ನೇ ಉಂಡೆ ಕಟ್ಟಿ ನುಂಗಿದ. ಕುಂತಿಬೆಟ್ಟದ ಬುಡದ ಆ ಕಣದಲ್ಲಿ ಬೆಂಗಳೂರಿನ ಚಿತ್ರದವರು ಕುಳಿತು ಅವನು ಅಗಿಯುವುದನ್ನು ಹಾಳೆಗಿಳಿಸುತ್ತಿದ್ದರು. ಭೀಮ ಬಕಾಸುರನನ್ನು ಕೊಂದದ್ದು ಇದೇ ಬೆಟ್ಟದಲ್ಲಿ ಎಂಬ ಮಾತಿರುವುದರಿಂದ, ಅವರ ಕಾರ್ಟೂನ್ ಸಿನಿಮಾಕ್ಕೆ ಇಲ್ಲಿನ ಮೈಕಟ್ಟೇ ಬೇಕಂತೆ. ಭೀಮನಿಗೆ ಯಜಮಾನರ ಮಗ ಅಪ್ಪು ಸಿಕ್ಕಿದ. ಗದೆ ಎತ್ತಿದಾಗೊಮ್ಮೆ, ಇಳಿಸಿದಾಗೊಮ್ಮೆ ಎಳನೀರು ಕುಡಿದ. ರಾಕ್ಷಸನಿಗೆ ಕೇರಿಯಿಂದ ಚಿಕ್ಕಮಾದಯ್ಯನನ್ನು ಕರೆಸಿದರು. ದಿನಕ್ಕೆರಡು ಮುದ್ದೆ ಸಿಕ್ಕಿದರೆ ಹಬ್ಬವೆನ್ನುವ ಆಸಾಮಿ, ಬೆಳಗಿನಿಂದ ಹನ್ನೆರಡು ಬಂಡಿ ಅನ್ನ ತಿಂದು ಹಸಿವಿನಿಂದ ಕಂಗಾಲಾಗಿದ್ದ.

“ಬುದ್ದಿ, ಒಂದೀಟು ನೀರು...”

ಯಜಮಾನರ ಹೆಂಡತಿ ಮಾಯಮ್ಮ ಚೊಂಬು ತಂದರು. ಅವನು ಕುಕ್ಕರಗಾಲಲ್ಲಿ ಕುಳಿತು, ಬೊಗಸೆಯನ್ನು ಬಾಯಿಗಿಟ್ಟು, ಕತ್ತು ಬಗ್ಗಿಸಿದ. ಆಕೆ ಮೊಳದೆತ್ತರದಿಂದ ಹುಯ್ದರು.

“ಎಷ್ಟು ನ್ಯಾಚುರಲ್ಲಾಗಿ ಕುಡೀತಾನೆ!” ಎಂದು ಚಿತ್ರದವನೊಬ್ಬ ಅದನ್ನೂ ಬರೆದುಕೊಂಡ.

ಎರಡು ವರ್ಷದ ಮೇಲೆ, ತೊಂಬತ್ತಾರರಲ್ಲಿ, ಸಿನಿಮಾ ಪಾಂಡವಪುರದ ಟಾಕೀಸಿಗೆ ಬಂತು. ಯಜಮಾನರು ಊರನ್ನೇ ಟ್ರಾಕ್ಟರಿಗೆ ತುಂಬಿಕೊಂಡು ಮ್ಯಾಟಿನಿಗೆ ಹೊರಟರು. ಚಿಕ್ಕಮಾದಯ್ಯ, ಏಳನೇ ಕ್ಲಾಸಿನ ಮಗಳು ಮೇಘನಳ ಜೊತೆ ಮುಂದಿನ ಬೆಂಚಿನಲ್ಲಿ ಕುಳಿತ.

ಪರದೆಯ ಮೇಲೆ ಬಕಾಸುರ ಎದ್ದ. ತಾಳೆಮರದುದ್ದ, ಕೋರೆಹಲ್ಲು. ಮೂಗು ಮತ್ತು ಸೊಟ್ಟ ಹೆಗಲು ಮಾತ್ರ ಚಿಕ್ಕಮಾದಯ್ಯನವು. ಬಂಡಿ ಅನ್ನ ಮುಗಿಸಿ, ಕಾಡು ನಡುಗುವಂತೆ ತೇಗಿ, ಹೊಳೆದಂಡೆಗೆ ಬಂದವನೇ ಕುಕ್ಕರಗಾಲಲ್ಲಿ ಕುಳಿತ. ಬೊಗಸೆಯನ್ನು ಬಾಯಿಗಿಟ್ಟ. ಕತ್ತು ಬಗ್ಗಿಸಿದ. ಕಾಲಬುಡದಲ್ಲೇ ಹೊಳೆ ಹರಿಯುತ್ತಿದ್ದರೂ ನೀರು ಮೇಲಿನಿಂದ ಬಿತ್ತು. ಹುಯ್ದವರು ಯಾರೆಂದು ಪುರಾಣಕ್ಕೂ ಗೊತ್ತಿಲ್ಲ.

ಟಾಕೀಸಿಗೆ ಟಾಕೀಸೇ ಗೊಳ್ಳೆಂದಿತು. ಮೇಘನ ನಗಲಿಲ್ಲ.

“ಅಪ್ಪಾ, ಆ ರಾಕ್ಷಸ ಯಾಕೆ ನಿನ್ ಅಂಗೇ ನೀರ್ ಕುಡೀತಾನೆ? ಅವ್ನಿಗೂ ಯಾರೂ ಲೋಟ ಕೊಡಾಕಿಲ್ವಾ?”

ಅಷ್ಟರಲ್ಲಿ ಇಂಟರ್ವಲ್ಲಾಯಿತು.

ಹೊರಗೆ ನೀರಿನ ಹಂಡೆಯ ಸುತ್ತ ಜನ. ಲೋಟ ಯಜಮಾನರ ಕೈಲಿತ್ತು.

“ಬಾರ್ಲಾ ಬಕಾಸುರ! ಕುಂತ್ಕ, ಬೊಗಸೆ ಒಡ್ಡು. ಕೆ.ಆರ್.ಪೇಟೆ ಬೀಗ್ರು ತಡವಾಗಿ ಬಂದವ್ರೆ, ಆ ಸೀನ್ ನೋಡ್ನಿಲ್ಲ ಪಾಪ. ನಾನೇ ಹುಯ್ತೀನಿ.”

ಚಿಕ್ಕಮಾದಯ್ಯನ ಮಂಡಿ ತಾನಾಗಿ ಮಡಚಿಕೊಂಡಿತು, ಅಭ್ಯಾಸ. ಅರ್ಧ ಕುಳಿತವನಿಗೆ ಮಗಳ ಮುಖ ಕಂಡಿತು. ಎದ್ದ. ಯಜಮಾನರ ಕೈಯಿಂದ ಲೋಟ ಕಿತ್ತುಕೊಂಡ, ಮುಂಗೈ ಮುಳುಗುವಂತೆ ಹಂಡೆಗೆ ಅದ್ದಿದ, ತುಟಿಗಿಟ್ಟು ಕಚ್ಚಿ ಗಟಗಟ ಕುಡಿದ. ಅದೇ ಲೋಟವನ್ನು ಮತ್ತೆ ಅದ್ದಿ, ತುಂಬಿ, ಮುಂದೆ ಚಾಚಿದ.

“ತಕಳಿ ಬುದ್ದಿ. ಬಂಡಿ ಬಂಡಿ ಬತ್ತ ನಾನ್ ಒಡ್ಕಂಡ್ ಬಂದು ಸುರಿದಿದ್ದು ನಿಮ್ಮನೇಲಿ. ಅಷ್ಟ್ ಉಂಡೋರ್ಗೆ ಬಾಯಾರ್ಕೆ ಆಗಿರ್ತದೆ.”

“ಏನ್ಲಾ ಅಂದೆ?” ಯಜಮಾನರ ದನಿ ಮುಂದೆ ಬಂತು, ಎರಡೂ ಕೈ ಬೆನ್ನ ಹಿಂದಕ್ಕೆ ಹೋದವು.

ಬೆಲ್ಲು ಹೊಡೆಯಿತು. ಒಬ್ಬರೂ ಕದಲಲಿಲ್ಲ. ಒಳಗೆ ಖಾಲಿ ಬೆಂಚುಗಳ ಎದುರು, ಅಪ್ಪುವಿನ ಮೂತಿ ಹೊತ್ತ ಭೀಮ ಒಬ್ಬನೇ ಗದೆ ಬೀಸಿ ಗುದ್ದುವ ಸದ್ದು.

ಮೇಘನ ಜನರ ನಡುವೆ ನುಗ್ಗಿ ಬಂದು ಅಪ್ಪನ ಕೈಯಿಂದ ಲೋಟ ಇಸಿದುಕೊಂಡಳು. ಕಚ್ಚಿ ಕುಡಿದಳು. ಆಮೇಲೆ ಅದನ್ನು ಮತ್ತೆ ಹಂಡೆಗೆ ಅದ್ದಿದಳು.